ಮನಸ್ಸಿಗೆ ನಾಲ್ಕೇ ಸಲ

ಆಳಂದದ ಅಮರ್ಜಾ ಒಕ್ಕಲುತನ ಮಾರಾಟ ಸಹಕಾರ ಸಂಘದಲ್ಲಿ ಹರಾಜಿನ ಸವಾಲು ಕೂಗುವ ಕೆಲಸ ದೌಲತರಾಯನಿಗೆ ಅಪ್ಪನಿಂದ ಬಂದದ್ದು. ಆಸ್ತಿಯೆಂದು ಅಪ್ಪ ಬಿಟ್ಟುಹೋದದ್ದು ಆ ಗಂಟಲೊಂದನ್ನೇ. ತೊಗರಿಯ ರಾಶಿಯ ಪಕ್ಕ ನಿಂತು, ವ್ಯಾಪಾರಿಗಳು ಏರಿಸಿದ ಬೆಲೆಯನ್ನು ಹಿಡಿದು, "ಒಂದು ಸಲ, ಎರಡು ಸಲ, ಮೂರು ಸಲ" ಎಂದು ಕೂಗುವುದು ಕೆಲಸ. ಮೂರನೆಯದು ಬೀಳುವ ತನಕ ಯಾರು ಬೇಕಾದರೂ ಬೆರಳೆತ್ತಿ ಏರಿಸಬಹುದು. ಬಿದ್ದ ಮೇಲೆ ಬೆರಳಲ್ಲ, ಕೈಯನ್ನೇ ಎತ್ತಿದರೂ ಉಪಯೋಗವಿಲ್ಲ.

ಅಪ್ಪ ಸತ್ತದ್ದೂ ರಾಶಿಯ ಮೇಲೆಯೇ. ಒಂದು ಮಧ್ಯಾಹ್ನ ಬಿಳಿಜೋಳದ ಮುಂದೆ ನಿಂತು "ಎರಡು ಸಲ" ಎಂದವನು, ಮೂರನೆಯದಕ್ಕೆ ಬಾಯಿ ತೆರೆದು, ಹಾಗೆಯೇ ಜೋಳದ ಮೇಲೆ ಕುಸಿದು ಕೂತ. ಮತ್ತೆ ಏಳಲಿಲ್ಲ. ಸವಾಲು ಮುಗಿಯಿತೋ ಇಲ್ಲವೋ, ಆ ಜೋಳ ಯಾರದು ಎಂಬ ವಾದ ಹೆಣ ಎತ್ತುವ ಮೊದಲೇ ಶುರುವಾಗಿತ್ತು. ಆಳಂದದ ಪೇಟೆಯಲ್ಲಿ ಸಾವಿಗೆ ಮರ್ಯಾದೆ ಇದೆ, ಆದರೆ ಮಾಲಿನ ನಂತರ.

ಭಾನುವಾರ ಬೆಳಗ್ಗೆ ಟಿವಿ ಇದ್ದವರ ಮನೆಯ ಮುಂದೆ ಇಡೀ ಓಣಿ ಚಪ್ಪಲಿ ಬಿಡುತ್ತಿದ್ದ ಕಾಲದಲ್ಲಿ ದೌಲತರಾಯ ಅಪ್ಪ ಸತ್ತ ವಯಸ್ಸನ್ನು ಮುಟ್ಟಿದ. ಆ ವರ್ಷ ಒಂದು ದಿನ ಶೇಂಗಾದ ರಾಶಿಯ ಮುಂದೆ "ಎರಡು ಸಲ" ಎಂದದ್ದೇ ಅವನ ಎದೆ ಡೊಳ್ಳಾಯಿತು, ಅಂಗೈ ತಣ್ಣಗಾಯಿತು, ಗಂಟಲು ಚೀಲದ ಬಾಯಿ ಹೊಲಿದಂತೆ ಮುಚ್ಚಿಕೊಂಡಿತು. ಸತ್ತೆ ಎಂದುಕೊಂಡ. ಸಾಯಲಿಲ್ಲ. ಆದರೆ ಮೂರನೆಯದೂ ಬರಲಿಲ್ಲ.

ವ್ಯಾಪಾರಿಗಳಿಗೆ ಈ ಮೌನ ಅರ್ಥವಾಗಲಿಲ್ಲ. ಹಿಂದಿನಿಂದ ಯಾರೋ ಸನ್ನೆ ಮಾಡಿರಬೇಕೆಂದು ಒಬ್ಬ ಬೆಲೆ ಏರಿಸಿದ. ಅವನೇ ಏರಿಸಿದ ಮೇಲೆ ಮಾಲಿನಲ್ಲಿ ಏನೋ ಇದೆಯೆಂದು ಇನ್ನೊಬ್ಬ ಏರಿಸಿದ. ಕೊನೆಗೆ ಸಂಘದ ಸೆಕ್ರೆಟರಿ ಹಣಮಂತ್ರಾಯ ಆಫೀಸಿನಿಂದ ಎದ್ದು ಬಂದು "ಮೂರು" ಎಂದಾಗ ಸವಾಲು ಮುಗಿಯಿತು. ಮರುದಿನವೂ ಹೀಗೇ ಆಯಿತು, ಅದರ ಮರುದಿನವೂ. ಹಣಮಂತ್ರಾಯ ಭಾರಿ ಮೈಯ ಮನುಷ್ಯ. ಅವನು ಕುರ್ಚಿಯಿಂದ ಬಿಡುಗಡೆಯಾಗಿ, ಚಪ್ಪಲಿ ಹುಡುಕಿ, ರಾಶಿಯ ತನಕ ಬರುವಷ್ಟರಲ್ಲಿ ಬೆಲೆ ಅವನಿಗಿಂತ ಜೋರಾಗಿ ನಡೆದಿರುತ್ತಿತ್ತು.

ಸುದ್ದಿ ಹಬ್ಬಿತು. ಕಡಗಂಚಿಯ ಕಡೆಯಿಂದಲೂ ಬಂಡಿಗಳು ಬಂದವು. "ದೌಲತರಾಯನ ರಾಶೀಗೇ ಹಚ್ಚರಿ ನಮ್ಮ ಮಾಲು" ಎಂದು ಒಕ್ಕಲಿಗರು ಪಾಳಿ ಹಚ್ಚಿದರು. ಸಂಘದ ಅಧ್ಯಕ್ಷ ಖಂಡಪ್ಪ ಸ್ವತಃ ದೊಡ್ಡ ಒಕ್ಕಲಿಗ. ಅವನು ದೌಲತರಾಯನ ಬೆನ್ನು ತಟ್ಟಿ, "ಹುಷಾರದಿಂದ ಇರಪಾ, ಔಷಧ-ಪಾನಿ ಏನೂ ತಗೋಬ್ಯಾಡ" ಎಂದ.

ದೌಲತರಾಯನ ಸ್ಥಿತಿ ಮಾತ್ರ ಯಾರಿಗೂ ಬೇಡವಾಗಿತ್ತು. ಪ್ರತಿ ಸವಾಲಿಗೊಮ್ಮೆ ಸತ್ತು ಬದುಕುವುದು ಸಣ್ಣ ದುಡಿಮೆಯಲ್ಲ. ಮನೆಯಲ್ಲೂ ಆ ಅಂಕಿ ಬಾಯಿಗೆ ಬಾರದಾಯಿತು. ಊಟಕ್ಕೆ ಕೂತರೆ ಎರಡು ರೊಟ್ಟಿ ತಿಂದು ಹಸಿದು ಏಳುತ್ತಿದ್ದ, ಇಲ್ಲವೇ ನಾಲ್ಕು ತಿಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದ.

"ನಡುವಿಂದೊಂದು ಕೇಳಾಕ ಏನಾಗ್ಯದ ನಿಮಗ?" ಎಂದಳು ಹೆಂಡತಿ ಗುರುಶಾಂತಮ್ಮ.

"ಆಗೋದು ಬ್ಯಾಡಂತೇ ಕೇಳವಲ್ಲೆ."

ಊರಿನ ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, "ಗಂಟಲು ಛಲೋ ಅದ. ತಕರಾರು ಮ್ಯಾಲಿಂದು" ಎಂದು ತಮ್ಮ ತಲೆಯನ್ನೇ ಬೆರಳಿನಿಂದ ಬಡಿದು ತೋರಿಸಿ, ಗುಲಬರ್ಗಾದ ಮನೋವೈದ್ಯ ದತ್ತಪ್ಪನವರಿಗೆ ಚೀಟಿ ಬರೆದರು.

ಸಂಘದ ನೌಕರರಿಗೆ ಆರೋಗ್ಯ ವಿಮಾ ನಿಧಿ ಇತ್ತು; ಪದಾಧಿಕಾರಿಗಳೂ ಅದರಲ್ಲಿ ಸೇರಿದ್ದರು. ಪಗಾರದಲ್ಲಿ ಮುರಿದುಕೊಂಡ ಹಣದಿಂದ ಜ್ವರ, ಎಲುಬು, ಹಲ್ಲು, ಹಾವು ಕಡಿತ ಎಲ್ಲಕ್ಕೂ ಗುಣವಾಗುವ ತನಕ ಖರ್ಚು ಸಿಗುತ್ತಿತ್ತು. ಮನಸ್ಸಿಗೆ ಮಾತ್ರ ನಾಲ್ಕು ಭೇಟಿ. ಸೋಲಾಪುರದ ಯಾವುದೋ ಗಿರಣಿಯ ನಿಯಮ ತರಿಸಿ ಹಣಮಂತ್ರಾಯ ನಕಲು ಮಾಡಿದ್ದ.

"ನಾಕೇ ಯಾಕ್ರಿ?" ಎಂದು ದೌಲತರಾಯ ಕೇಳಿದ.

"ಮೂರು ಇಟ್ಟಿದ್ರ ನಿನಗೆ ಹೇಳಾಕ ಬರ್ತಿತ್ತೇನು? ಖುಷಿ ಪಡು."

ಮೊದಲ ಭೇಟಿಗೆ ಗುರುಶಾಂತಮ್ಮನೂ ಜೊತೆಗೆ ಹೋಗಿದ್ದಳು; ದಪ್ಪ ಕನ್ನಡಕದ ದತ್ತಪ್ಪ ಡಾಕ್ಟರು ಬರೇ ಕೇಳಿದರು. ತನ್ನ ಮಾತನ್ನು ಯಾರಾದರೂ ಬೆಲೆ ಹೇಳದೆ ಕೇಳುತ್ತಾರೆಂಬುದೇ ದೌಲತರಾಯನಿಗೆ ಹೊಸದು. ಎರಡನೆಯದರಲ್ಲಿ ಅಪ್ಪನ ಸುದ್ದಿ ಬಂತು. ಆಮೇಲಿನದರಲ್ಲಿ ಅತ್ತುಬಿಟ್ಟ, ವಾಪಸು ಬಸ್ಸಿನಲ್ಲಿ ಗುಲಬರ್ಗಾದಿಂದ ಆಳಂದದ ತನಕ ನಿದ್ದೆ ಮಾಡಿದ. ನಾಲ್ಕನೆಯದು ಕೊನೆಯದೆಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರಿಗೆ ಅವಸರವಾಯಿತು.

"ನೋಡ್ರಿ ದೌಲತರಾಯರ, ಮೂರಂದ್ರ ಸಾಯ್ತೀನಿ ಅಂತೀರಿ. ನಿಮ್ಮ ತಂದಿಯವರು ಮೂರು ಅಂದು ತೀರ್ಕೊಂಡ್ರೇನು?"

"ಇಲ್ರಿ. ಎರಡು ಅಂದು."

"ಹಂಗಾದ್ರ ಮೂರರದೇನು ತಪ್ಪು? ಅಂಜೋದೇ ಇದ್ರ ಎರಡಕ್ಕ ಅಂಜಬೇಕಿತ್ತು!"

ದೌಲತರಾಯನಿಗೆ ಮಾತು ಬರೋಬರ್ ಅನ್ನಿಸಿತು. ಎಷ್ಟು ಬರೋಬರ್ ಎಂದರೆ, ಮರುದಿನ ರಾಶಿಯ ಮುಂದೆ ನಿಂತು "ಒಂದು ಸಲ" ಎಂದವನಿಗೆ ಎರಡೂ ಬರಲಿಲ್ಲ.

ಈಗ ಒಕ್ಕಲಿಗರ ಮುಖವೂ ಬಾಡಿತು. "ಎರಡು" ಎಂದು ನಿಂತರೆ ವ್ಯಾಪಾರಿಗೆ ಮಾಲು ಕೈತಪ್ಪೀತೆಂಬ ಗಾಬರಿ ಇರುತ್ತದೆ. "ಒಂದು" ಎಂದು ನಿಂತರೆ ಯಾವ ಗಾಬರಿಯೂ ಇಲ್ಲ. ವ್ಯಾಪಾರಿಗಳು ಚೀಲದ ಮೇಲೆ ಕೂತು ಬೀಡಿ ಹಚ್ಚಿ, ಹಣಮಂತ್ರಾಯ ಚಪ್ಪಲಿ ಹುಡುಕುವುದನ್ನು ನೋಡುತ್ತಿದ್ದರು.

ಇನ್ನಷ್ಟು ಭೇಟಿಗೆ ಮಂಜೂರಿ ಕೇಳಿ ದೌಲತರಾಯ ಆಡಳಿತ ಮಂಡಳಿಯ ಮುಂದೆ ನಿಂತ. ಅವನ ಪರವಾಗಿ ಮೊದಲು ಎದ್ದವನು ವ್ಯಾಪಾರಿಗಳ ಪ್ರತಿನಿಧಿ ಚಂದ್ರಾಮಪ್ಪ.

"ಪಾಪ, ಮನುಷ್ಯಾ ಸಂಕಟದಾಗ ಅದಾನ. ನಾಕು ಎಲ್ಲಿ ಸಾಲ್ತದ, ನಲವತ್ತು ಮಾಡ್ರಿ. ಮನುಷ್ಯತ್ವ ಅಂಬೋದು ಒಂದು ಅದ" ಎಂದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ನಿನ್ನ ಮನುಷ್ಯತ್ವ ಕಾಳು ತೂಗೋ ಮುಂದ ಎಲ್ಲಿ ಹೋಗಿರ್ತದೋ ಚಂದ್ರಾಮಪ್ಪಾ?" ಎಂದ ಅಧ್ಯಕ್ಷ ಖಂಡಪ್ಪ. "ಮೊದಲ ಎಷ್ಟು ಛಲೋ ರೋಗ ಇತ್ತು ಇವಂಗ! ನಾಕು ಸಲ ಡಾಕ್ಟರ್ ಕಡಿ ಹೋಗಿ ಕೆಡಿಸ್ಕೊಂಡು ಬಂದಾನ. ಇನ್ನಾ ಕಳಿಸಿದ್ರ ಇದ್ದದ್ದೊಂದೂ ಹೋಗ್ತದ."

"ಅರ್ಧಕ್ಕ ಬಿಟ್ಟದ್ದಕ್ಕೇ ಹಿಂಗಾಗ್ಯದ್ರಿ" ಎಂದ ದೌಲತರಾಯ. "ಕಾಲು ಮುರಿದಿದ್ರ ಅರ್ಧ ಪಟ್ಟಿ ಕಟ್ಟಿ ಬಿಡ್ತಿದ್ರೇನು?"

"ಕಾಲಿಗಾದ್ರ ಎಕ್ಸರೇ ಅದ" ಎಂದ ಹಣಮಂತ್ರಾಯ. "ಮನಸ್ಸಿಂದೊಂದು ಎಕ್ಸರೇ ತಗೊಂಡ ಬಾ, ಈಗಿಂದೀಗ ಸಹಿ ಮಾಡ್ತೇನಿ. ಅಧ್ಯಕ್ಷರ, ಒಂದು ಮಾತು ಹೇಳ್ತೇನಿ. ಇವತ್ತು ಒಬ್ಬಂಗ ಮನಸ್ಸು ಅದ ಅಂತ ಒಪ್ಪಿದ್ರ, ನಾಳಿಗಿ ಹಮಾಲರೆಲ್ಲಾ ನಮಗೂ ಅದ ಅಂತ ಬರ್ತಾರ. ನಿಧಿ ಉಳಿತದೇನು?"

ಇದು ಎಲ್ಲರಿಗೂ ನಾಟಿತು. ಚಂದ್ರಾಮಪ್ಪನ ಅಂಗಡಿಯಲ್ಲೂ ಹಮಾಲರಿದ್ದರು. ಅವನು ಕಣ್ಣೊರೆಸುವುದನ್ನು ನಿಲ್ಲಿಸಿದ. ಠರಾವು ಆಯಿತು: ಎಳ್ಳಮಾಸಿ ಹಬ್ಬ ಮುಗಿದು ಹೊಸ ತೊಗರಿ ಬಂದಾಗ ಮೊದಲ ಸವಾಲನ್ನು ದೌಲತರಾಯ ಮುಗಿಸಬೇಕು. ಮುಗಿಯದಿದ್ದರೆ ಕೂಗುವ ಕೆಲಸ ಬಿಟ್ಟು ಗೋದಾಮಿಗೆ ಹೋಗಿ ಚೀಲ ಎಣಿಸಬೇಕು.

"ಎಣಿಸಾಕ ಬರಂಗಿಲ್ಲಂತೇ ಇಲ್ಲಿ ನಿಂತೇನಿ, ನೀವು ಎಣಿಸಾಕೇ ಹಚ್ಚತೀರಲ್ರಿ" ಎಂದ ದೌಲತರಾಯ.

"ಬಾಯಾಗ ಬ್ಯಾಡ, ಮನಸ್ಸಿನ್ಯಾಗ ಎಣಿಸು" ಎಂದ ಹಣಮಂತ್ರಾಯ.

"ಈಗ ಮನಸ್ಸು ಅದೇನ್ರಿ ನನಗ?"

ಹಣಮಂತ್ರಾಯ ಇದನ್ನು ನಡಾವಳಿಯಲ್ಲಿ ಬರೆಯಲಿಲ್ಲ.

ಕೈಯಿಂದ ಕೊಟ್ಟು ಹೋಗೋಣವೆಂದರೆ ಗುಲಬರ್ಗಾದ ಫೀಸು ಕೂಗುವವನ ಪಗಾರಕ್ಕೆ ನಿಲುಕುವಂಥದ್ದಲ್ಲ. ಪುಕ್ಕಟೆ ನೋಡಿರೆಂದು ಕೇಳಲು ಅವನಿಗೆ ಮನಸ್ಸು ಬರಲಿಲ್ಲ. ರಾತ್ರಿಯೆಲ್ಲ ಅವನು ಗೋದಾಮಿನ ಕತ್ತಲೆಯನ್ನೇ ಕಾಣುತ್ತಿದ್ದ: ಅಪ್ಪ ಅರ್ಧಕ್ಕೆ ಬಿಟ್ಟ ಕೂಗು ಅಲ್ಲಿ ಚೀಲಗಳ ಹಿಂದೆ ಎಂದೆಂದಿಗೂ ಹಾಗೆಯೇ ಉಳಿದುಬಿಡುತ್ತದೆ. ಗಂಡನ ಮುಖ ನೋಡಲಾಗದೆ ಗುರುಶಾಂತಮ್ಮ, "ಗಾಣಗಾಪುರಕ್ಕ ಹೋಗಿ ಅಕ್ಕನ ಮನ್ಯಾಗ ಒಂದೀಟು ಇದ್ದು ಬರೋಣ ನಡೀರಿ. ಹವಾನಾದ್ರೂ ಬದಲಿ ಆಗ್ತದ" ಎಂದಳು. ಬಸ್ಸಿನಲ್ಲಿ ಕಂಡಕ್ಟರು ಎಷ್ಟು ಟಿಕೀಟೆಂದು ಕೇಳಿದ.

"ಈಕಿಗೊಂದು, ನನಗೊಂದು."

"ಎರಡು ಅನ್ರಿ ಸಾಕು."

"ನೀ ಅನ್ನಪಾ, ನಿನ್ನ ಗಂಟಲು ಛಲೋ ಅದ."

ದೌಲತರಾಯನ ಅಕ್ಕ ಕಸ್ತೂರಿಬಾಯಿ ಗಾಣಗಾಪುರದಲ್ಲಿ ಯಾತ್ರೆಗೆ ಬಂದವರಿಗೆ ಖೋಲಿ ಬಾಡಿಗೆ ಕೊಡುತ್ತಿದ್ದಳು. ಆ ಊರಿನಲ್ಲಿ ಮಧ್ಯಾಹ್ನವಾದರೆ ದತ್ತಾತ್ರೇಯನೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಆದ್ದರಿಂದ ಅಲ್ಲಿ ಆ ಹೊತ್ತಿಗೆ ಕೇಳಿದವರಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಬಂದ ಭಕ್ತರು, ಜಮೀನ್ದಾರರಾಗಲಿ ಜಡ್ಜರಾಗಲಿ, ಜೋಳಿಗೆ ಹಿಡಿದು ಐದು ಮನೆ ಬೇಡಿ ಉಣ್ಣುತ್ತಾರೆ. ಬೇಡುವವರೂ ನೀಡುವವರೂ ಅಲ್ಲಿ ಸಮಸಮ ಇರುವುದರಿಂದ ನಾಚಿಕೆಗೆ ಕೆಲಸವಿಲ್ಲ. ಮನಸ್ಸು ಕದಡಿದವರನ್ನು ದೂರದೂರದಿಂದ ಕರೆತರುವುದೂ ಈ ಊರಿಗೇ. ಎಷ್ಟು ಸಲ ಬರಬಹುದೆಂದು ಅಲ್ಲಿ ಯಾವ ನಿಯಮವೂ ಇಲ್ಲ.

ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಭಿಕ್ಷೆಯ ದನಿ ಕೇಳಿ ಗುರುಶಾಂತಮ್ಮ ರೊಟ್ಟಿ ಹಿಡಿದು ಹೋದಳು. ಹೋದವಳು ನೀಡಲಿಲ್ಲ, ನಿಂತಳು. ಮೈಮೇಲೆ ಉಪರಣಿ ಇತ್ತು, ಹೆಗಲಿಗೆ ಜೋಳಿಗೆ ಇತ್ತು, ಆದರೆ ಆ ದಪ್ಪ ಕನ್ನಡಕ ಗುಲಬರ್ಗಾದ್ದೇ.

"ಇವ್ರೇ, ಜರಾ ಹೊರಗ ಬರ್ರಿ. ನಿಮ್ಮ ಡಾಕ್ಟರ್ ಸಾಹೇಬ್ರು ಭಿಕ್ಷಾಕ್ಕ ಬಂದಾರ!"

ಡಾಕ್ಟರು ಓಡಲು ನೋಡಿದರು. ಓಣಿ ಇಕ್ಕಟ್ಟಾಗಿತ್ತು. "ನಮ್ಮ ತಾಯಿಯವರ ಹರಕಿ" ಎಂದು ಮೆಲ್ಲಗೆ ಹೇಳಿದರು. "ಪ್ರತಿ ಗುರುವಾರ ದವಾಖಾನಿ ಬಂದ್ ಮಾಡಿ ಬರ್ತೇನಿ. ದಯಮಾಡಿ ಗುಲಬರ್ಗಾದಾಗ ಯಾರಿಗೂ ಹೇಳಬ್ಯಾಡ್ರಿ. ಮನೋವೈದ್ಯ ಗಾಣಗಾಪುರಕ್ಕ ಹೋಗ್ತಾನ ಅಂದ್ರ ರೋಗಿಗಳು ನಡುವ ನಾ ಯಾಕಂತ ಸೀದಾ ಇಲ್ಲಿಗೇ ಬರ್ತಾರ."

"ನಾನೂ ನಿಮ್ಮ ಕಡಿ ಹೋಗ್ತೇನಂತ ಯಾರಿಗೂ ಹೇಳಿದ್ದಿಲ್ರಿ" ಎಂದ ದೌಲತರಾಯ. "ಸಂಘದವರು ಠರಾವು ಮಾಡಿ ಹೇಳಿದ್ರು."

ಮೂರರ ಹಿಂದೆ ಎರಡೂ ಬಾಯಿಗೆ ಬಾರದಾದದ್ದನ್ನು ಕೇಳಿ ಡಾಕ್ಟರ ಮುಖ ಸಣ್ಣದಾಯಿತು. "ತಪ್ಪು ನಂದು. ಕಡೀ ಭೇಟಿ ಅಂತ ಗಡಬಡಿಸಿದೆ. ತರ್ಕ ಹೇಳಬಾರದಿತ್ತು. ನಾಳಿಗಿ ಗುಲಬರ್ಗಾಕ್ಕ ಬರ್ರಿ, ಫೀಸಿನ ವಿಚಾರ ಬಿಡ್ರಿ."

"ಇಲ್ರಿ. ಪುಕ್ಕಟೆ ಬ್ಯಾಡ."

ಒಳಗಿನಿಂದ ಕಸ್ತೂರಿಬಾಯಿ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಲೇ ದೌಲ್ಯಾ, ಇವ್ರು ಇಷ್ಟು ಕಲ್ತವ್ರು, ನನ್ನ ಬಾಗಲಿಗಿ ಬಂದು ಕೈ ಒಡ್ಡ್ಯಾರ. ನಿನಗೇನು ಕಿರೀಟ ಅದ ತಲೀ ಮ್ಯಾಲ? ಮಧ್ಯಾಹ್ನ ಆಗ್ಯದ, ಜೋಳಿಗಿ ಹಾಕೋ, ಬೇಡು."

"ಅಕ್ಕಾ, ನಾವು ಬಸವಣ್ಣನ ಮಂದಿ. ದುಡಿದು ತಿನ್ನಬೇಕು, ಬೇಡಬಾರದು."

"ಅನ್ನ ಯಾರು ಬೇಡಂದ್ರು? ಅನ್ನ ನಾ ಹಾಕ್ತೇನಿ. ನೀ ಮಾತು ಬೇಡು." ಹೀಗೆಂದು ಗೂಟದ ಮೇಲಿನ ವಸ್ತ್ರ ತೆಗೆದು, ಗಂಟು ಹಾಕಿ, ತಮ್ಮನ ಕೊರಳಿಗೆ ಹಾಕಿದಳು.

ದೌಲತರಾಯ ಜೋಳಿಗೆಯ ಬಾಯಿ ಬಿಚ್ಚಿ ಡಾಕ್ಟರ ಮುಂದೆ ಹಿಡಿದ. ಖಾಲಿ ಜೋಳಿಗೆಯೊಳಗೆ ಡಾಕ್ಟರು ಒಂದು ಗಳಿಗೆ ನೋಡಿದರು. ಆ ಊರಲ್ಲಿ ಆ ಹೊತ್ತಿಗೆ ಇಲ್ಲ ಎನ್ನುವ ಧೈರ್ಯ ಗುಲಬರ್ಗಾದ ಯಾವ ಪದವಿಯಿಂದಲೂ ಬರುವಂಥದ್ದಲ್ಲ.

"ಆತು, ನಡೀರಿ" ಎಂದರು. "ನಂದು ಇನ್ನೂ ನಾಕು ಮನಿ ಉಳದಾವ. ಮಾತಾಡ್ಕೋತ ಹೋಗೋಣ. ಕೂಗೋದು ಮಾತ್ರ ನೀವು. ನನ್ನ ದನಿ ಓಣಿ ದಾಟಂಗಿಲ್ಲ."

ಮುಂದಿನ ಮನೆಯ ಬಾಗಿಲಲ್ಲಿ ದೌಲತರಾಯ "ಭಿಕ್ಷಾ ನೀಡ್ರವ್ವಾ" ಎಂದು ಕೂಗಿದ. ಸವಾಲಿನ ಗಂಟಲು, ಎಲ್ಲೋ ಬೆಂಕಿ ಬಿದ್ದಿದೆಯೆಂದು ಆ ಮನೆಯಾಕೆ ಕೊಡದೊಂದಿಗೆ ಓಡಿಬಂದಳು. ಡಾಕ್ಟರಿಗೆ ನಗು ಬಂತು, ದೌಲತರಾಯನಿಗೂ ಬಂತು. ಅಲ್ಲಿಂದ ಮುಂದಕ್ಕೆ ಅಪ್ಪನ ಮಾತು ಬಂತು: ಅಪ್ಪ ಸತ್ತದ್ದಲ್ಲ, ಬದುಕಿದ್ದು. ಮನೆಯಲ್ಲಿ ಕೂಡ ಅವನು ಕೂಗಿಯೇ ಮಾತಾಡುತ್ತಿದ್ದನೆಂದು, ಗುಟ್ಟು ಹೇಳಿದರೂ ಆಚೆ ಓಣಿಯವರು ಉತ್ತರ ಕೊಡುತ್ತಿದ್ದರೆಂದು ದೌಲತರಾಯ ಹೇಳುತ್ತ ನಡೆದ. ಹೇಳುತ್ತಲೇ ಅದರಾಚೆಯ ಬಾಗಿಲಲ್ಲಿ ಕೂಗಿದ. ಹಲ್ಲಿಲ್ಲದ ಮುದುಕಿಯೊಬ್ಬಳು ರೊಟ್ಟಿ ತಂದಳು. ಐದು ಮನೆ ಮುಗಿಸಿದವರಿಗೆ ಆಕೆ ನೀಡುವವಳಲ್ಲ. ದಿನವೂ ಎಲ್ಲರನ್ನೂ ಕೇಳುವಂತೆ ಕೇಳಿದಳು.

"ಎಷ್ಟನೇ ಮನಿಯಪಾ ನಮ್ದು?"

"ಮೂರನೇದು ಯವ್ವಾ" ಎಂದ ದೌಲತರಾಯ.

ಅಂದ ಮೇಲೆ ಅಂದದ್ದು ಅವನಿಗೆ ಕೇಳಿಸಿತು. ಜೋಳಿಗೆ ಹಿಡಿದವನು ಹಾಗೆಯೇ ನಿಂತುಬಿಟ್ಟ. ಎದೆ ಬಡಿಯಿತು, ಅಂಗೈ ಬೆವತಿತು. ಸಾಯುತ್ತೇನೋ ಎಂದು ಕಾದ. ಡಾಕ್ಟರು ಈ ಸಲ ಯಾವ ತರ್ಕವನ್ನೂ ಹೇಳಲಿಲ್ಲ; ಸುಮ್ಮನೆ ಪಕ್ಕದಲ್ಲಿ ನಿಂತರು. ಮುದುಕಿ ಇಬ್ಬರನ್ನೂ ನೋಡಿದಳು.

"ನಿಂತೀ ಯಾಕೋ? ಪಲ್ಯ ಬೇಕೇನು?"

"ಹಾಕು ಯವ್ವಾ" ಎಂದ ದೌಲತರಾಯ. ದನಿ ಗೊಗ್ಗರವಾಗಿತ್ತು. ಪುಂಡಿಪಲ್ಯ ಚೆನ್ನಾಗಿತ್ತು.

ಒಂದೇ ದಿನಕ್ಕೆ ಗುಣವಾಗಿದ್ದರೆ ಅದು ದತ್ತಾತ್ರೇಯನ ಲೆಕ್ಕಕ್ಕೆ ಹೋಗುತ್ತಿತ್ತು. ಹಾಗೆ ಆಗಲಿಲ್ಲ. ಮರುವಾರ ಗಂಟಲು ಮತ್ತೆ ಹೊಲಿದುಕೊಂಡಿತು, ಆಮೇಲೆ ಬಿಚ್ಚಿತು, ಮತ್ತೆ ಅರ್ಧ ಹೊಲಿದುಕೊಂಡಿತು. ಗುರುವಾರ ಬಂದರೆ ಇಬ್ಬರೂ ಜೋಳಿಗೆ ಹಾಕಿಕೊಂಡು ಹೊರಡುತ್ತಿದ್ದರು. ಒಬ್ಬ ರೊಟ್ಟಿ ಬೇಡುತ್ತಿದ್ದ, ಇನ್ನೊಬ್ಬ ಮಾತು ಬೇಡುತ್ತಿದ್ದ. ಬೇಡಿದ ರೊಟ್ಟಿಯನ್ನು ಕಸ್ತೂರಿಬಾಯಿಯ ಕಟ್ಟೆಯ ಮೇಲೆ ಹಂಚಿಕೊಂಡು ತಿನ್ನುವಾಗ, ತಾನು ಈಗ ಯಾರಿಗೂ ಋಣಿಯಲ್ಲವೆಂದು ದೌಲತರಾಯನಿಗೆ ಅನ್ನಿಸುತ್ತಿತ್ತು.

ಎಳ್ಳಮಾಸಿ ಮುಗಿಯಿತು. ಹೊಸ ತೊಗರಿಯ ಮೊದಲ ರಾಶಿ ಅಧ್ಯಕ್ಷ ಖಂಡಪ್ಪನದೇ. ಗೋದಾಮಿನ ಕೀಲಿ ಹಣಮಂತ್ರಾಯನ ಕೈಯಲ್ಲಿ ಆಡುತ್ತಿತ್ತು. ಸಾವಕಾಶ ಬಾ ಎಂದು ಖಂಡಪ್ಪ ಅವನಿಗೆ ಮೊದಲೇ ಹೇಳಿಟ್ಟಿದ್ದ. ದೌಲತರಾಯ ಎಲ್ಲಿ ನಿಂತರೂ ಲಾಭವೇ ಆಗಲೆಂದು ವ್ಯಾಪಾರಿಗಳ ನಡುವೆ ತನ್ನ ಭಾವಮೈದುನನನ್ನೂ ನಿಲ್ಲಿಸಿದ್ದ, ಬೆಲೆ ಏರಿಸಿ ಉಬ್ಬಿಸಲು.

ಬೆಲೆ ಏರಿತು, ನಿಂತಿತು.

"ಒಂದು ಸಲ!"

ಯಾರೋ ಬೀಡಿ ತೆಗೆದರು.

"ಎರಡು ಸಲ!"

ಬೀಡಿ ಹಚ್ಚಲಿಲ್ಲ. ಪೇಟೆ ಕಿವಿ ನೆಟ್ಟಿತು. ದೌಲತರಾಯನ ಎದೆ ಡೊಳ್ಳಾಯಿತು, ಅಂಗೈ ತಣ್ಣಗಾಯಿತು, ಎಲ್ಲವೂ ಹೊತ್ತಿಗೆ ಸರಿಯಾಗಿ ಬಂದವು. ಅಪ್ಪ ಬಾಯಿ ತೆರೆದು ನಿಂತದ್ದು ಕಂಡಿತು. ಅಪ್ಪನ ಹಿಂದೆ ಒಬ್ಬ ಮುದುಕಿ ಪಲ್ಯದ ಬಟ್ಟಲು ಹಿಡಿದು, ನಿಂತೀ ಯಾಕೋ ಎಂದಳು. ಚಂದ್ರಾಮಪ್ಪ ಇನ್ನೊಂದು ಮೆಟ್ಟಿಲು ಏರಿಸಲು ಬೆರಳು ಎತ್ತುತ್ತಿದ್ದ. ಬೆರಳು ಹೊಟ್ಟೆಯ ಮಟ್ಟ ದಾಟಿ ಎದೆಯ ಹತ್ತಿರ ಬಂದಿತ್ತು.

"ಮೂರು ಸಲ!"

ಆ ಕೂಗಿಗೆ ಸಂಘದ ತಗಡಿನ ಮೇಲಿನ ಪಾರಿವಾಳಗಳು ಎದ್ದವು. ದೌಲತರಾಯ ರಾಶಿಯ ಮೇಲೆ ಕೈಯೂರಿ ನಿಂತ. ಜೀವಂತ ಇದ್ದ. ಹಣಮಂತ್ರಾಯ ಇನ್ನೂ ಚಪ್ಪಲಿ ಹುಡುಕುತ್ತಿದ್ದ.

"ಲೇ ದೌಲತ್ಯಾ!" ಖಂಡಪ್ಪ ತಲೆ ಮೇಲೆ ಕೈ ಹೊತ್ತ. "ಅವನ ಬಟ್ಟು ಏಳಾಕತ್ತಿತ್ತಲ್ಲಲೇ! ಇಷ್ಟು ದಿವಸ ಇಲ್ಲದ ಅವಸರ ಇವತ್ತೇ ಬೇಕಾಗಿತ್ತೇನು ನಿನಗ?"

"ಕಾಣಲಿಲ್ರಿ ಅಧ್ಯಕ್ಷರ. ಲಕ್ಷ್ಯ ಎಲ್ಲಾ ಬ್ಯಾರೆ ಕಡಿ ಇತ್ತು."

ಅಂದು ಮಧ್ಯಾಹ್ನ ಗುರುಶಾಂತಮ್ಮ ಬಡಿಸುತ್ತ ಕಾದಳು. ಎರಡು ತಿಂದಾದ ಮೇಲೆ ಗಂಡ, "ಇನ್ನೊಂದು ಹಾಕು, ಮೂರನೇದು" ಎಂದ. ಹಾಕಿ ಒಳಗೆ ಹೋದಳು. ಒಲೆಯ ಮುಂದೆ ಎಷ್ಟೋ ಹೊತ್ತು ಬರೀ ಹಂಚನ್ನೇ ಕಾಯಿಸುತ್ತ ಕೂತಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಚಂದ್ರಾಮಪ್ಪನ ಬೆರಳು ಖಂಡಪ್ಪನನ್ನು ಬಿಡಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಅರ್ಧ ಎದ್ದ ಬೆರಳು. ಉಣ್ಣಲು ಕೂತರೆ ಬೆರಳು, ಪೂಜೆಗೆ ಕೂತರೆ ಬೆರಳು. ಹೊಲದಲ್ಲಿ ಇನ್ನೂ ಕೊಯ್ಯದ ತೊಗರಿ ಇತ್ತು, ಅದರ ಗಿಡಗಳೂ ಬೆರಳಿನಂತೆಯೇ ನಿಂತಿದ್ದವು. ಹೋಳಿ ಹುಣ್ಣಿಮೆಯ ಹೊತ್ತಿಗೆ ಅವನು ದೌಲತರಾಯನ ಮನೆಯ ಕಟ್ಟೆಗೆ ಬಂದು ಕೂತು, ಚಾ ಕುಡಿದು, ತೊಗರಿಯ ಮಾತಾಡಿ, ಬಿಸಿಲಿನ ಮಾತಾಡಿ, ಕೊನೆಗೆ ದನಿ ಇಳಿಸಿದ.

"ಗುಲಬರ್ಗಾಕ್ಕ ಹೋಗಿ ಬಂದೆ. ನಿಧಿಯಾಗ ನಾಕು ಸಲ ಕೊಟ್ರು. ಮುಗೀತು. ಮನುಷ್ಯಾ ಛಲೋ ಅದಾನ, ಆದ್ರ ಬಟ್ಟು ಇನ್ನಾ ಪೂರಾ ಇಳಿದಿಲ್ಲ."

"ನಿಯಮ ಬದಲಿ ಮಾಡ್ರಲ್ಲ. ಮಂಡಳಿ ನಿಮ್ಮ ಕೈಯಾಗ ಅದ."

"ಬದಲಿ ಮಾಡಿದ್ರ ಯಾರ ಸಲುವಾಗಿ ಅಂತ ಕೇಳ್ತಾರಲೇ! ಹಣಮಂತ್ರಾಯ ಎಕ್ಸರೇ ಕೇಳಾಂವ."

ದೌಲತರಾಯನಿಗೆ ನಗು ಬಂತು. ನಗಲಿಲ್ಲ. ಸತ್ತು ಬದುಕುವುದು ಎಂಥದೆಂದು ಅವನಿಗೆ ಗೊತ್ತಿತ್ತು.

"ಗುರುವಾರ ಗಾಣಗಾಪುರಕ್ಕ ಬರ್ರಿ. ಜೋಳಿಗಿ ನಮ್ಮಕ್ಕ ಕೊಡ್ತಾಳ. ದವಾಖಾನ್ಯಾಗ ನಾಕೇ ಸಲ. ಅಲ್ಲಿ ಕೇಳಿದವ್ರಿಗೆ ಇಲ್ಲ ಅನ್ನಂಗಿಲ್ಲ."

"ನಾ? ಸಂಘದ ಅಧ್ಯಕ್ಷ? ಮನಿ ಮನಿ ಬೇಡ್ಲಿ?"

"ಐದೇ ಮನಿ ಅಧ್ಯಕ್ಷರ." ದೌಲತರಾಯ ಖಾಲಿ ಕಪ್ಪು ಎತ್ತಿಕೊಂಡು ಎದ್ದ. "ಮೂರನೇ ಮನ್ಯಾಗ ಪಲ್ಯ ಕೇಳ್ರಿ. ಭಾಳ ಛಲೋ ಇರ್ತದ."